ಮಕ್ಕಳ ಸ್ಪರ್ಧೆ, ಹೆತ್ತವರ ಪ್ರಾರ್ಥನೆ

2022ರ ಮೇ 19ರಂದು ಇಸ್ತಾಂಬುಲ್‌ನಲ್ಲಿ ನಿಖತ್ ಝರೀನ್ ಥಾಯ್ಲೆಂಡ್‌ನ ಸ್ಪರ್ಧಿಯನ್ನು 5-0 ಅಂತರದಿಂದ ಮಣಿಸಿ ಬಾಕ್ಸಿಂಗ್‌ನ ವಿಶ್ವ ಚಾಂಪಿಯನ್ ಆದಾಗ ನಮ್ಮ ಸಮುದಾಯದಲ್ಲಿ ಅಭಿನಂದನೆಯ ಮಹಾಪೂರವೇ ಹರಿಯಿತು. ಆದರೆ ನಿಝಾಮಾಬಾದ್‌ನ ಈ ಹುಡುಗಿ ಮೊದಲು ಕೈಗವಸು ತೊಟ್ಟ ದಿನಗಳಲ್ಲಿ ಆಕೆಯ ಹೆತ್ತವರಿಗೆ ಸಿಕ್ಕಿದ್ದು ಅಭಿನಂದನೆಯಲ್ಲ. ಚಡ್ಡಿ ತೊಟ್ಟು ಆಡುವ ಆಟಕ್ಕೆ ಮಗಳನ್ನು ಕಳುಹಿಸುವುದೇ ಎಂಬ ಪ್ರಶ್ನೆ. ತಂದೆ ಮುಹಮ್ಮದ್ ಜಮೀಲ್ ಅಹ್ಮದ್ ಸ್ವತಃ ಆಟಗಾರರಾಗಿದ್ದವರು, ಸೌದಿ ಅರೇಬಿಯಾದ ದುಡಿಮೆಯನ್ನು ಬಿಟ್ಟು ಹೆಣ್ಣುಮಕ್ಕಳ ಶಿಕ್ಷಣ ಮತ್ತು ಆಟಕ್ಕಾಗಿ ಊರಿಗೆ ಮರಳಿದವರು. ತಾಯಿ ಪರ್ವೀನ್ ಸುಲ್ತಾನಾ, ಮಗಳು ಮುಖ ಊದಿಸಿಕೊಂಡು ಮನೆಗೆ ಬಂದಾಗ ಇನ್ನು ಇವಳನ್ನು ಯಾರು ಮದುವೆಯಾಗುವರೆಂದು ಅತ್ತರಂತೆ. ಉಡುಪಿನ ಕುರಿತ ಪ್ರಶ್ನೆ ಕ್ಷುಲ್ಲಕವೆಂದು ನಾವು ಹೇಳುತ್ತಿಲ್ಲ. ಅಂದು ಬೆರಳು ತೋರಿದ ಕೈಗಳೇ ಇಂದು ಚಪ್ಪಾಳೆ ತಟ್ಟುವಾಗ ಆ ಪ್ರಶ್ನೆಯ ಪ್ರಾಮಾಣಿಕತೆಯ ಬಗ್ಗೆ ಮಾತ್ರ ಸಂಶಯ ಮೂಡುತ್ತದೆ.

ಮಗು ಕಣದಲ್ಲಿರುವಾಗ ಹೆತ್ತವರು ಅಲ್ಲಾಹನಲ್ಲಿ ಏನನ್ನು ಕೇಳಬೇಕು? ಗೆಲುವನ್ನು ಕೇಳುವುದು ಸಹಜ. ಆದರೆ ಎದುರಾಳಿಗೂ ಒಬ್ಬ ತಾಯಿಯಿದ್ದಾಳೆ. ಆಕೆಯೂ ಕೈಯೆತ್ತಿರುತ್ತಾಳೆ. ಆ ಇಬ್ಬರಲ್ಲಿ ಒಬ್ಬಳ ದುಆ ತಿರಸ್ಕೃತವಾಯಿತೆಂದು ತಿಳಿಯುವುದು ಪ್ರಾರ್ಥನೆಯನ್ನು ವ್ಯಾಪಾರದ ಮಟ್ಟಕ್ಕೆ ಇಳಿಸಿದಂತೆ. ದುರದೃಷ್ಟವಶಾತ್ ನಮ್ಮ ಪಟ್ಟಣಗಳಲ್ಲಿ ಆ ವ್ಯಾಪಾರ ಧಾರಾಳವಾಗಿಯೇ ನಡೆಯುತ್ತಿದೆ. ಸಿಇಟಿ, ನೀಟ್ ಪರೀಕ್ಷೆಗಳು ಹತ್ತಿರವಾದಂತೆ ಮಂತ್ರಿಸಿದ ಪೆನ್ನು, ತೋಳಿಗೆ ತಾಯಿತ, ಹರಕೆಯ ಹಣ. ವರ್ಷವಿಡೀ ಮಗ ಓದುತ್ತಿದ್ದಾನೋ ಇಲ್ಲವೋ ಎಂದು ವಿಚಾರಿಸದವರು ಕೊನೆಯ ವಾರ ಮಾತ್ರ ತವಕ್ಕುಲ್‌ನ ಮಾತಾಡುತ್ತಾರೆ. ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದವನಿಗೆ, ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂದು ಪ್ರವಾದಿ ಮುಹಮ್ಮದ್(ಸ) ಹೇಳಿದ್ದನ್ನು ನಾವೆಲ್ಲ ಬಲ್ಲೆವು. ಜಮೀಲ್ ಅಹ್ಮದ್ ಒಂಟೆಯನ್ನು ಕಟ್ಟಿದವರು.

ಸೋಲಿನ ವಿಷಯಕ್ಕೆ ಬಂದರೆ ಪ್ರವಾದಿವರ್ಯರ(ಸ) ಜೀವನದಲ್ಲೇ ಒಂದು ಓಟದ ಪಂದ್ಯವಿದೆ. ಅವರ ಅದ್‌ಬಾ ಎಂಬ ಒಂಟೆಯನ್ನು ಯಾವ ಒಂಟೆಯೂ ಹಿಂದಿಕ್ಕಿರಲಿಲ್ಲ. ಒಮ್ಮೆ ಓರ್ವ ಗ್ರಾಮೀಣ ಅರಬನು ತನ್ನ ಎಳೆಯ ಒಂಟೆಯೇರಿ ಬಂದು ಅದನ್ನು ಹಿಂದಿಕ್ಕಿಬಿಟ್ಟ. ಅನುಚರರಿಗೆ ಬಹಳ ನೋವಾಯಿತು. ಪ್ರವಾದಿವರ್ಯರು(ಸ) ಆ ಅರಬನನ್ನು ಗದರಲಿಲ್ಲ, ಒಂಟೆಯನ್ನು ಹಳಿಯಲಿಲ್ಲ. ಈ ಲೋಕದಲ್ಲಿ ಮೇಲೇರಿದ ಯಾವುದನ್ನೇ ಆಗಲಿ ಅಲ್ಲಾಹನು ಕೆಳಗಿಳಿಸದೆ ಬಿಡುವುದಿಲ್ಲವೆಂಬ ಆಶಯದ ಮಾತನ್ನಾಡಿದರು. ನಿಖತ್ ಕೂಡ ಇಳಿದರು, ಏರಿದರು, ಮತ್ತೆ ಇಳಿದರು. 2017ರಲ್ಲಿ ಭುಜದ ಗಾಯ, 2019ರ ಡಿಸೆಂಬರ್‌ನಲ್ಲಿ ಮೇರಿ ಕೋಮ್ ಎದುರು ಆಯ್ಕೆ ಪಂದ್ಯದ ಸೋಲು, ಆಮೇಲೆ 2022 ಮತ್ತು 2023ರ ವಿಶ್ವ ಕಿರೀಟಗಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ವು ಯು ಎದುರು ಸೋತು ಪದಕವಿಲ್ಲದೆ ಮರಳಿದರು. ಇಸ್ತಾಂಬುಲ್‌ನ ರಾತ್ರಿ ಹೆಮ್ಮೆಪಟ್ಟವರಲ್ಲಿ ಎಷ್ಟು ಮಂದಿ ಪ್ಯಾರಿಸ್‌ನ ಆ ದಿನವೂ ಆಕೆಗಾಗಿ ಕೈಯೆತ್ತಿದರು?

ಈ ದೇಶದ ಮುಸ್ಲಿಮ್ ಹೆತ್ತವರಿಗೆ ಇನ್ನೂ ಒಂದು ಭಯವಿದೆ. 2021ರ ಅಕ್ಟೋಬರ್‌ನಲ್ಲಿ ದುಬೈಯಲ್ಲಿ ಭಾರತ ತಂಡ ಪಾಕಿಸ್ತಾನಕ್ಕೆ ಹತ್ತು ವಿಕೆಟ್‌ಗಳಿಂದ ಸೋತಿತು. ಸೋತದ್ದು ಹನ್ನೊಂದು ಮಂದಿ. ದ್ರೋಹಿಯೆಂಬ ಬೈಗುಳ ಮಾತ್ರ ಮುಹಮ್ಮದ್ ಶಮಿಯ ಪಾಲಿಗೆ ಬಂತು. ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿಯೇ ಶಮಿಯ ಬೆನ್ನಿಗೆ ನಿಂತರು, ಅದನ್ನು ಸ್ಮರಿಸಲೇಬೇಕು. ಆದರೂ ಇಂತಹ ವಾತಾವರಣದಲ್ಲಿ ಒಬ್ಬ ತಾಯಿ ತನ್ನ ಮಗನ ಗೆಲುವಿಗಾಗಿ ಮಾತ್ರ ಪ್ರಾರ್ಥಿಸಿದರೆ ಸಾಲದು. ಸೋತರೆ ಅವನ ನಿಷ್ಠೆಯನ್ನು ಯಾರೂ ಅಳೆಯಲು ಬಾರದಿರಲಿ ಎಂದೂ ಬೇಡಬೇಕಾಗುತ್ತದೆ. ಬೇರೆ ಆಟಗಾರರ ತಾಯಂದಿರಿಗೆ ಈ ಎರಡನೆಯ ದುಆದ ಅಗತ್ಯವಿಲ್ಲ.

ಹೊರಗಿನವರ ಬೈಗುಳ ನಮ್ಮ ಕೈಯಲ್ಲಿಲ್ಲ. ಮನೆಯೊಳಗಿನ ಮಾತು ನಮ್ಮ ಕೈಯಲ್ಲೇ ಇದೆ. ಮಕ್ಕಳಿಗಾಗಿ ಹೆತ್ತವರು ಮಾಡುವ ಪ್ರಾರ್ಥನೆ ಸ್ವೀಕೃತವಾಗುವುದೆಂದು ತಿಳಿಸಿದ ಪ್ರವಾದಿವರ್ಯರೇ(ಸ) ಮಕ್ಕಳಿಗೆ ಶಾಪ ಹಾಕುವುದನ್ನು ನಿಷೇಧಿಸಿದ್ದಾರೆ. ಶಪಿಸಿದ ಗಳಿಗೆಯು ಪ್ರಾರ್ಥನೆ ಸ್ವೀಕೃತವಾಗುವ ಗಳಿಗೆಯೇ ಆಗಿಬಿಟ್ಟರೆ ಎಂಬ ಎಚ್ಚರಿಕೆಯೂ ಅದರೊಂದಿಗಿದೆ. ಹೀಗಿದ್ದೂ ಫಲಿತಾಂಶದ ದಿನ ನಮ್ಮ ಎಷ್ಟು ಮನೆಗಳಲ್ಲಿ 'ನೀನು ಹಾಳಾಗಿ ಹೋಗು' ಎಂಬ ಮಾತು ಕೇಳಿಬರುವುದಿಲ್ಲ! ಅದೂ ಹಿಂದಿನ ರಾತ್ರಿ ತಹಜ್ಜುದ್‌ಗೆದ್ದು ಅದೇ ಮಗುವಿಗಾಗಿ ಕಣ್ಣೀರು ಸುರಿಸಿದ ಬಾಯಿಯಿಂದ.