ತೋಟದ ತಾಮ್ರ ಮತ್ತು ಹಳ್ಳದ ನೀರು

ಮಳೆಗಾಲ ಹಿಡಿಯುವ ಮುನ್ನವೇ ಮಲೆನಾಡಿನ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣದ ಸಿಂಪಡಣೆ ಆರಂಭವಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಸಿಸಿ ಈ ಔಷಧಿಯನ್ನು ಅಡಿಕೆಗೆ ಒಗ್ಗಿಸಿದರು. ಇದಿಲ್ಲದಿದ್ದರೆ ಅನೇಕ ಕುಟುಂಬಗಳ ವರ್ಷದ ಅನ್ನವೇ ನೆಲಕ್ಕುದುರುತ್ತದೆ. ಆದುದರಿಂದ ಬೆಳೆಗಾರನನ್ನು ದೂರಿ ಪ್ರಯೋಜನವಿಲ್ಲ. ಆದರೆ ಮರದಿಂದ ಇಳಿದ ತಾಮ್ರ ಎಲ್ಲಿಗೆ ಹೋಗುತ್ತದೆಂಬುದನ್ನು ಅದೇ ನೀರು ಕುಡಿಯುವ ಜನ ತಿಳಿಯಲೇಬೇಕು.

ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಬೇಕು. 200 ಲೀಟರಿನ ಒಂದು ಡ್ರಮ್ಮಿನಲ್ಲಿ ಸುಮಾರು 500 ಗ್ರಾಂ ತಾಮ್ರವಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಪ್ರಮಾಣ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ವಿನಾಯಿತಿಯಿದೆ. ಆ ಒಂದು ಡ್ರಮ್ಮಿನ ತಾಮ್ರವೆಲ್ಲ ಕರಗಿದರೆ ಒಂದು ಕೋಟಿ ಲೀಟರ್ ನೀರು ಮೊದಲ ಮಿತಿಯನ್ನು ಮುಟ್ಟುತ್ತದೆ. ವಾಸ್ತವದಲ್ಲಿ ಅದರ ಬಹುಪಾಲು ಎಲೆ, ಮಣ್ಣು, ಗೊಬ್ಬರದ ಅಂಶಗಳಿಗೆ ಅಂಟಿ ತೋಟದಲ್ಲೇ ಉಳಿದು, ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತದೆ. ಮಣ್ಣು ಹುಳಿಯಾದಷ್ಟೂ ಈ ಹಿಡಿತ ಸಡಿಲವಾಗುತ್ತದೆ. ಮಲೆನಾಡಿನ ಮಣ್ಣು ಹುಳಿಯೇ.

ಪ್ರಯೋಗಾಲಯದ ಸಾಮಾನ್ಯ ಪರೀಕ್ಷೆ ನೀರಿನಲ್ಲಿರುವ ಒಟ್ಟು ತಾಮ್ರವನ್ನು ಹೇಳುತ್ತದೆ. ಮೀನಿನ ಕಿವಿರಿಗೂ ಪಾಚಿಯ ಕೋಶಕ್ಕೂ ವಿಷವಾಗುವುದು ಮುಖ್ಯವಾಗಿ ಯಾವುದಕ್ಕೂ ಅಂಟದೆ ನೀರಿನಲ್ಲಿರುವ ತಾಮ್ರದ ಅಯಾನು, ಅಂದರೆ ವಿದ್ಯುದಾವೇಶವುಳ್ಳ ಕಣ. ಜೀವಕೋಶಕ್ಕೆ ತಾಮ್ರ ಅತ್ಯಗತ್ಯ. ಆದರೂ ಕೋಶವು ಅದನ್ನು ಬಿಡಿಯಾಗಿ ಇರಗೊಡದೆ ಪ್ರೋಟೀನುಗಳಲ್ಲಿ ಕಟ್ಟಿಡುತ್ತದೆ. ಇಷ್ಟು ಎಚ್ಚರದಿಂದ ಕಾಯುವ ವಸ್ತುವನ್ನು ಒಟ್ಟು ಲೆಕ್ಕದಿಂದಷ್ಟೇ ಅಳೆಯುವುದು ಸಾಲದು.

ಪ್ರತಿದೀಪ್ತ ಸಂವೇದಕಗಳು ಉಪಯುಕ್ತವಾಗುವುದು ಇಲ್ಲಿಯೇ. ಇಂತಹ ಅಣುವಿನ ಒಂದು ಭಾಗ ನಿರ್ದಿಷ್ಟ ಅಯಾನನ್ನು ಹಿಡಿಯುತ್ತದೆ. ಹಿಡಿದೊಡನೆ ಇನ್ನೊಂದು ಭಾಗದ ಹೊಳಪು ಬದಲಾಗುತ್ತದೆ. 1980ರ ದಶಕದಲ್ಲಿ ರೋಜರ್ ತ್ಸಿಯೆನ್ ರೂಪಿಸಿದ ಬಣ್ಣಗಳು ಜೀವಂತ ಕೋಶದೊಳಗಿನ ಕ್ಯಾಲ್ಸಿಯಂನ ಏರಿಳಿತವನ್ನು ಹೀಗೆ ಕಾಣಿಸಿದವು. ತಾಮ್ರವು ಸಾಮಾನ್ಯವಾಗಿ ಹೊಳಪನ್ನು ನಂದಿಸುವ ಲೋಹ. ಕೆಸರು ನೀರೂ ಹೊಳಪನ್ನು ಮಂಕಾಗಿಸುವುದರಿಂದ ಮಂಕಾದುದನ್ನು ನೋಡಿ ತಾಮ್ರವೆಂದು ಹೇಳಲಾಗದು. 1997ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಆಂಟನಿ ಜಾರ್ನಿಕ್ ಮತ್ತು ಸಂಗಡಿಗರು ರೋಡಮಿನ್ ಬಣ್ಣದಿಂದ ಮಾಡಿದ ಅಣುವೊಂದನ್ನು ಪ್ರಕಟಿಸಿದರು. ನೀರಿನಲ್ಲಿ ತಾಮ್ರ ಸೋಕಿದಾಗ ಅದರ ಮುಚ್ಚಿದ ಉಂಗುರ ತೆರೆದು, ಬಣ್ಣವಿಲ್ಲದ ದ್ರಾವಣ ಗುಲಾಬಿಯಾಗಿ ಹೊಳೆಯುತ್ತದೆ.

ಅಂದಿನಿಂದ ಸಂಶೋಧನಾ ಪತ್ರಿಕೆಗಳಲ್ಲಿ ಇಂತಹ ನೂರಾರು ಅಣುಗಳು ವರದಿಯಾಗಿವೆ. ಹಳ್ಳದ ದಂಡೆಗೆ ಇಳಿದುದು ಮಾತ್ರ ವಿರಳ. ಸಾರ್ವಜನಿಕ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯಗಳು ಹೊಸ ಅಣುವಿನ ಹೆಸರಿಗೆ ತೃಪ್ತಿಪಡದೆ, ಇರುವ ಅಣುವನ್ನು ಕಾಗದದ ಪಟ್ಟಿಗೆ ಇಳಿಸಿ ಶಾಲೆ-ಕಾಲೇಜುಗಳಿಗೆ ತಲುಪಿಸಬೇಕು. ನಮ್ಮ ನೀರಿನ ಕಬ್ಬಿಣ ಮತ್ತು ಕೊಳೆತ ಎಲೆಯ ಕಂದು ಅಂಶ ಫಲಿತಾಂಶವನ್ನು ಕೆಡಿಸಬಲ್ಲವು. ಆದುದರಿಂದ ಈ ನೀರಿನಲ್ಲಿಯೇ ಪಟ್ಟಿಯನ್ನು ಒರೆಗೆ ಹಚ್ಚಬೇಕು. ಅನುಮಾನ ಬಂದ ಮಾದರಿಯನ್ನು ಪ್ರಯೋಗಾಲಯಕ್ಕೂ ಕಳಿಸಬೇಕು.

ವಿದ್ಯಾರ್ಥಿಗಳು ಸಿಂಪಡಣೆಗೆ ಮೊದಲು, ಮೊದಲ ದೊಡ್ಡ ಮಳೆಯ ನಂತರ, ಎರಡನೆಯ ಸಿಂಪಡಣೆಯ ನಂತರ ಬಾವಿ, ಒರತೆ, ಹಳ್ಳಗಳ ನೀರನ್ನು ಪರೀಕ್ಷಿಸಿ ದಾಖಲೆಯನ್ನು ಗ್ರಾಮಸಭೆಯ ಮುಂದಿಡಲಿ. ಆಗ ಔಷಧಿ ಕಲಸುವ ಜಾಗವನ್ನು ಎಲ್ಲಿಡಬೇಕು, ಡ್ರಮ್ಮು ತೊಳೆದ ನೀರನ್ನು ಎಲ್ಲಿಗೆ ಬಿಡಬೇಕು, ಯಾವ ತೋಟದಲ್ಲಿ ಕೊನೆಗೆ ಕೊಟ್ಟೆ ಕಟ್ಟಿ ಒಂದು ಸಿಂಪಡಣೆ ಉಳಿಸಬಹುದು ಎಂಬ ಮಾತು ಊಹೆಯ ಮೇಲೆ ನಡೆಯದು. ಸಂವೇದಕ ತಾಮ್ರವನ್ನು ತೋರಿಸಬಲ್ಲದು, ತೆಗೆಯಲಾರದು. ತೆಗೆಯುವ ಕೆಲಸ ಊರಿನದೇ.