ಹಡಗು ಸುಲಭ, ದಡ ಕಠಿಣ: ಹಿರಿಯರೊಡನೆ ಗ್ರೀಕ್ ದ್ವೀಪಯಾನದ ಲೆಕ್ಕಾಚಾರ

ನೀಲಿ ಗುಮ್ಮಟ, ಸುಣ್ಣ ಬಳಿದ ಗೋಡೆ, ಕೆಳಗೆ ಕಡುನೀಲಿ ಸಮುದ್ರ. ಗ್ರೀಸ್‌ನ ದ್ವೀಪಯಾನವನ್ನು ಮಾರುವವರ ಜಾಹೀರಾತಿನಲ್ಲಿ ಈ ಚಿತ್ರ ತಪ್ಪುವುದಿಲ್ಲ. ಅದರ ಪಕ್ಕದಲ್ಲೇ ಒಂದು ಭರವಸೆಯೂ ಇರುತ್ತದೆ. ಒಮ್ಮೆ ಪೆಟ್ಟಿಗೆ ಬಿಚ್ಚಿದರೆ ಸಾಕು, ಮತ್ತೆ ಕಟ್ಟಬೇಕಿಲ್ಲ. ದ್ವೀಪಗಳೇ ಒಂದೊಂದಾಗಿ ಕಿಟಕಿಯ ಬಳಿಗೆ ಬರುತ್ತವೆ. ವಯಸ್ಸಾದ ತಂದೆಯನ್ನೋ ತಾಯಿಯನ್ನೋ ಕರೆದೊಯ್ಯಲು ಇದಕ್ಕಿಂತ ಅನುಕೂಲದ ಪ್ರವಾಸ ಇನ್ನೊಂದಿಲ್ಲ ಎಂದು ಮಕ್ಕಳು ನಂಬುವುದು ಸಹಜ.

ಈ ನಂಬಿಕೆ ಅರ್ಧ ಮಾತ್ರ ನಿಜ. ಹಡಗಿನೊಳಗೆ ಲಿಫ್ಟ್ ಇದೆ, ಊಟದ ಮನೆ ಇದೆ, ವೈದ್ಯರಿದ್ದಾರೆ. ಕಷ್ಟ ಆರಂಭವಾಗುವುದು ಹಡಗಿನಿಂದ ಕಾಲು ಹೊರಗಿಟ್ಟಾಗ. ಬೆಳಿಗ್ಗೆ ಉದ್ಯಾನದಲ್ಲಿ ಅರ್ಧ ಗಂಟೆ ನಡೆಯಬಲ್ಲ, ಆದರೆ ಮೆಟ್ಟಿಲು ಕಂಡರೆ ಮೊಣಕಾಲು ಹಿಡಿದು ನಿಲ್ಲುವ 74ರ ತಾಯಿಯೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಮೊದಲ ದ್ವೀಪದಲ್ಲೇ ಅವರು ‘ನೀನು ಹೋಗಿ ಬಾ, ನಾನು ಇಲ್ಲೇ ಕೂತಿರ್ತೀನಿ’ ಎಂದರೆ, ಲಕ್ಷಾಂತರ ರೂಪಾಯಿಯ ಪ್ರವಾಸದ ಉದ್ದೇಶವೇ ಅಲ್ಲಿಗೆ ಮುಗಿಯಿತು. ಆದ್ದರಿಂದ ಯಾವ ಹಡಗು ಎಂಬುದಕ್ಕಿಂತ ಯಾವ ಬಂದರು, ಯಾವ ತಿಂಗಳು, ಎಷ್ಟು ಹೊತ್ತು ಎಂಬ ಪ್ರಶ್ನೆಗಳೇ ಮುಖ್ಯ. ಕಳೆದ ಕೆಲವು ವರ್ಷಗಳಲ್ಲಿ ಗ್ರೀಸ್‌ನಲ್ಲಿ ಆಗಿರುವ ಬದಲಾವಣೆಗಳು ಈ ಮಾತಿಗೆ ಇನ್ನಷ್ಟು ಬಲ ನೀಡಿವೆ.

ಧಕ್ಕೆಯೋ, ದೋಣಿಯೋ?

ಕರಾವಳಿಯವರು ಧಕ್ಕೆ ಎಂದು ಕರೆಯುವ ಬಂದರು ಕಟ್ಟೆಗೆ ಹಡಗು ತಾಗಿ ನಿಂತರೆ ಇಳಿಯುವುದು ಸುಲಭ. ಇಳಿಜಾರಿನ ಸೇತುವೆಯ ಮೇಲೆ ಕೈಹಿಡಿ ಆಧರಿಸಿ ನಡೆದರಾಯಿತು, ಗಾಲಿ ಕುರ್ಚಿಯೂ ಸಾಗುತ್ತದೆ. ಧಕ್ಕೆ ಇಲ್ಲದ ಕಡೆ ಹಡಗು ಸಮುದ್ರದ ನಡುವೆಯೇ ನಿಲ್ಲುತ್ತದೆ. ಪ್ರಯಾಣಿಕರು ‘ಟೆಂಡರ್’ ಎಂಬ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಅಲೆ ಎದ್ದಾಗ ದೋಣಿ ಮೇಲೆ ಕೆಳಗೆ ಆಡುತ್ತದೆ. ಸಿಬ್ಬಂದಿ ಕೈಹಿಡಿದರೂ ಹೆಜ್ಜೆ ಇಡಬೇಕಾದವರು ಪ್ರಯಾಣಿಕರೇ. ಸ್ವಂತ ಕಾಲಿನ ಮೇಲೆ ಹೆಜ್ಜೆ ದಾಟಿಸಲಾಗದವರನ್ನು ದೋಣಿಗೆ ಇಳಿಸಲು ಹಡಗಿನವರು ಒಪ್ಪದಿರುವುದೂ ಉಂಟು.

ಎಲ್ಲರ ಪಟ್ಟಿಯಲ್ಲೂ ಮೊದಲಿಗೆ ಬರುವ ಸ್ಯಾಂಟೊರಿನಿಯೇ ಈ ವಿಷಯದಲ್ಲಿ ಅತಿ ಕಠಿಣ. ಜ್ವಾಲಾಮುಖಿ ಕುಸಿದು ಉಂಟಾದ ಆಳವಾದ ಕೊಲ್ಲಿಯಲ್ಲಿ ದೊಡ್ಡ ಹಡಗು ಧಕ್ಕೆಗೆ ತಾಗುವಂತಿಲ್ಲ. ದೋಣಿಯಲ್ಲಿ ಹಳೆಯ ಬಂದರಿಗೆ ಬಂದರೆ, ಫಿರಾ ಪಟ್ಟಣ ಇರುವುದು ಸುಮಾರು 220 ಮೀಟರ್ ಎತ್ತರದ ಕಡಿದಾದ ಅಂಚಿನ ಮೇಲೆ. ಮೇಲೇರಲು ಮೂರು ದಾರಿ: ಸುಮಾರು 600 ಮೆಟ್ಟಿಲು, ಕತ್ತೆ ಸವಾರಿ ಅಥವಾ ಕೇಬಲ್ ಕಾರ್. ಮೊದಲೆರಡು ಹಿರಿಯರ ಪಾಲಿಗೆ ದಾರಿಗಳೇ ಅಲ್ಲ. ಕೇಬಲ್ ಕಾರ್‌ನ ಪಯಣ ಮೂರೇ ನಿಮಿಷ. ಆದರೆ ಹಲವು ಹಡಗುಗಳು ಒಟ್ಟಿಗೆ ಬಂದ ದಿನ ಅದರ ಸರದಿ ಸಾಲು ಗಂಟೆಗಟ್ಟಲೆ ಬೆಳೆಯುತ್ತದೆ.

ಹಡಗಿನವರೇ ಏರ್ಪಡಿಸುವ ಪ್ರವಾಸ ಕೊಂಡವರನ್ನು ಸಾಮಾನ್ಯವಾಗಿ ಅಥಿನಿಯೊಸ್ ಎಂಬ ಇನ್ನೊಂದು ಬಂದರಿನಲ್ಲಿ ಇಳಿಸಿ, ಅಲ್ಲಿಂದ ಬಸ್ಸಿನಲ್ಲಿ ಮೇಲಕ್ಕೆ ಒಯ್ಯುತ್ತಾರೆ. ಹಿರಿಯರೊಡನೆ ಹೋಗುವವರಿಗೆ ಇದು ಮೇಲು. ಆದರೆ ಮರಳುವಾಗ ಹೆಚ್ಚಿನ ಸಂದರ್ಭಗಳಲ್ಲಿ ಫಿರಾದ ಕೇಬಲ್ ಕಾರ್ ಸಾಲಿನಲ್ಲೇ ನಿಲ್ಲಬೇಕಾಗುತ್ತದೆ. ವಾಪಸು ಬರುವುದೂ ಬಸ್ಸಿನಲ್ಲೇ ಎಂಬುದನ್ನು ಹಣ ಕಟ್ಟುವ ಮುನ್ನ ಕೇಳಿ ತಿಳಿಯಬೇಕು.

ಇದಕ್ಕೆ ಹೋಲಿಸಿದರೆ ರೋಡ್ಸ್ ಉದಾರಿ. ಅಲ್ಲಿ ಹಡಗು ನಿಲ್ಲುವುದು ಮಧ್ಯಯುಗದ ಕೋಟೆ ಗೋಡೆಯ ಎದುರಿನಲ್ಲೇ. 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಹಳೆಯ ಪಟ್ಟಣದಲ್ಲಿ ಉರುಟು ಕಲ್ಲು ಹಾಸಿದ ಬೀದಿಗಳು ಪಾದಕ್ಕೆ ಒರಟಾದರೂ ಏರು ಕಡಿಮೆ, ನೆರಳಿದೆ, ಕೂರಲು ಜಾಗವಿದೆ. ಕ್ರೀಟ್‌ನ ಹೆರಾಕ್ಲಿಯಾನ್‌ನಲ್ಲೂ ಧಕ್ಕೆ ಇದೆ. ನಾಲ್ಕು ಸಾವಿರ ವರ್ಷಗಳ ಹಿಂದಿನ ಮಿನೋವನ್ ನಾಗರಿಕತೆಯ ಕುರುಹುಗಳನ್ನು ಬಿಸಿಲಿಲ್ಲದೆ ನೋಡಲು ಅಲ್ಲಿಯ ಪುರಾತತ್ವ ವಸ್ತು ಸಂಗ್ರಹಾಲಯವಿದೆ. ಶಕ್ತಿ ಇದ್ದರೆ ಐದು ಕಿ.ಮೀ. ದೂರದ ಕ್ನೋಸೊಸ್ ಅರಮನೆಯನ್ನೂ ಸೇರಿಸಿಕೊಳ್ಳಬಹುದು. ಪಶ್ಚಿಮದ ಕಾರ್ಫುವಿನಲ್ಲೂ, ಒಲಿಂಪಿಯಾಗೆ ಹೆಬ್ಬಾಗಿಲಾದ ಕಟಾಕೊಲೊದಲ್ಲೂ ಹಡಗು ಧಕ್ಕೆಗೇ ತಾಗುತ್ತದೆ. ಒಲಿಂಪಿಯಾದ ಅವಶೇಷಗಳು ಬಹುಮಟ್ಟಿಗೆ ಸಮತಟ್ಟಾದ, ಮರಗಳ ನಡುವಿನ ನೆಲದಲ್ಲಿವೆ.

ಮೂರು ರಾತ್ರಿ, ಐದು ಬಂದರು

ಬಹುಕಾಲದಿಂದ ಜನಪ್ರಿಯವಾಗಿರುವ ಮೂರು ರಾತ್ರಿಯ ಯಾನದ ವೇಳಾಪಟ್ಟಿಯನ್ನು ಗಮನಿಸಿದರೆ ಮತ್ತೊಂದು ಅಂಶ ಹೊಳೆಯುತ್ತದೆ. ಮೊದಲ ದಿನ ಅಥೆನ್ಸ್ ಸಮೀಪದ ಬಂದರಿನಿಂದ ಹೊರಟು ಸಂಜೆ ಮೈಕೊನೊಸ್. ಎರಡನೆಯ ದಿನ ಬೆಳಿಗ್ಗೆ ಟರ್ಕಿಯ ಕುಶಾದಸಿ, ಸಂಜೆ ಪ್ಯಾಟ್ಮೋಸ್. ಮೂರನೆಯ ದಿನ ಬೆಳಿಗ್ಗೆ ಹೆರಾಕ್ಲಿಯಾನ್, ಸಂಜೆ ಸ್ಯಾಂಟೊರಿನಿ. ನಾಲ್ಕನೆಯ ದಿನ ನಸುಕಿಗೆ ಮತ್ತೆ ಅಥೆನ್ಸ್. ಎಲ್ಲಕ್ಕಿಂತ ಕಠಿಣ ಬಂದರು ಎಲ್ಲಕ್ಕಿಂತ ದಣಿದ ಸಂಜೆಗೆ ಬಂದು ಕೂತಿರುತ್ತದೆ.

ಅಗ್ಗವೆಂದು ಕಾಣುವ ಈ ಯಾನ ಯುವ ದಂಪತಿಗೆ ಸರಿ. ವಯಸ್ಸಾದವರಿಗೆ ಏಳು ರಾತ್ರಿಯ ಯಾನವೇ ಹಗುರ. ದಿನಕ್ಕೊಂದೇ ಬಂದರು, ಎಂಟು ಹತ್ತು ಗಂಟೆಯ ತಂಗುವಿಕೆ, ನಡುವೆ ಇಡೀ ದಿನ ಸಮುದ್ರದ ಮೇಲೆಯೇ ಕಳೆಯುವ ಬಿಡುವು ಇದ್ದರೆ ಬೆಳಿಗ್ಗೆ ಇಳಿದು, ಮಧ್ಯಾಹ್ನ ಹಡಗಿಗೆ ಮರಳಿ ಊಟ ಮಾಡಿ, ಒಂದು ನಿದ್ದೆ ತೆಗೆದು, ಸಂಜೆ ಮತ್ತೆ ಇಳಿಯಬಹುದು. ಮೊದಲೇ ಎರಡು ದಿನ ಅಥೆನ್ಸ್‌ನಲ್ಲಿ ತಂಗುವುದೂ ಒಳ್ಳೆಯದು. ಬೆಂಗಳೂರಿನಿಂದ ಹೋಗುವವರು ನಡುವೆ ವಿಮಾನ ಬದಲಿಸಿ, ನಿದ್ದೆಗೆಟ್ಟು ಇಳಿಯುತ್ತಾರೆ. ಅದೇ ದಿನ ಹಡಗು ಹತ್ತಿಸುವುದು ಹಿರಿಯರಿಗೆ ಶಿಕ್ಷೆ. ಅಥೆನ್ಸ್‌ನ ಅಕ್ರೊಪೊಲಿಸ್ ಬೆಟ್ಟಕ್ಕೆ ನಡೆಯಲು ತೊಂದರೆ ಇರುವವರಿಗಾಗಿ 2020ರ ಡಿಸೆಂಬರ್‌ನಲ್ಲಿ ಹೊಸ ಲಿಫ್ಟ್ ಬಂದಿದೆ ಎಂಬುದು ಹಲವರಿಗೆ ತಿಳಿದಿಲ್ಲ. ಮುಂಚಿತವಾಗಿ ವಿಚಾರಿಸಿ ಹೋಗಬೇಕು. ಗಾಳಿ ಹೆಚ್ಚಿದ್ದರೆ ಅದು ನಿಲ್ಲುತ್ತದೆ.

ಬಿಸಿಲು ಮತ್ತು ಗಾಳಿ

2023ರ ಜುಲೈ, 2024ರ ಜೂನ್, 2025ರ ಜುಲೈ. ಈ ಮೂರೂ ಬೇಸಿಗೆಗಳಲ್ಲಿ ಬಿಸಿಗಾಳಿಯ ಕಾರಣ ಅಕ್ರೊಪೊಲಿಸ್ ಅನ್ನು ಮಧ್ಯಾಹ್ನದ ವೇಳೆ ಮುಚ್ಚಬೇಕಾಯಿತು. 2024ರ ಜೂನ್‌ನಲ್ಲಿ ಗ್ರೀಕ್ ದ್ವೀಪಗಳಲ್ಲಿ ಬಿಸಿಲಿನ ನಡುವೆ ನಡೆಯಲು ಹೊರಟ ಹಲವು ವಿದೇಶಿಯರು ಮೃತಪಟ್ಟರು. ಅವರಲ್ಲಿ ಬಹುತೇಕರು ಐವತ್ತೈದು ದಾಟಿದವರು.

‘ಬಿಸಿಲು ನಮಗೇನು ಹೊಸದೆ’ ಎಂದು ಕೇಳುವವರಿದ್ದಾರೆ. ಕಲಬುರಗಿ, ರಾಯಚೂರಿನವರಿಗೆ 40 ಡಿಗ್ರಿ ಹೊಸದಲ್ಲ, ನಿಜ. ಆದರೆ ಅಲ್ಲಿಯ ಹಿರಿಯರು ಆ ಹೊತ್ತಿನಲ್ಲಿ ಮನೆಯ ತಂಪಿನಲ್ಲಿರುತ್ತಾರೆಯೇ ಹೊರತು ಬೋಳು ಬಂಡೆ ಹತ್ತುವುದಿಲ್ಲ. ಹಡಗಿನ ವೇಳಾಪಟ್ಟಿ ಸೂರ್ಯನನ್ನು ಕೇಳಿ ಸಿದ್ಧವಾಗುವುದಿಲ್ಲ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ ದೇಹದ ನೀರಿನಂಶ ಬೇಗ ಇಳಿಯುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಜುಲೈ, ಆಗಸ್ಟ್‌ನ ಇನ್ನೊಂದು ಅತಿಥಿ ‘ಮೆಲ್ಟೆಮಿ’. ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುವ ಈ ಗಾಳಿ ಆಕಾಶ ತಿಳಿಯಾಗಿದ್ದಾಗಲೂ ಜೋರಾಗಿರುತ್ತದೆ. ಮೈಕೊನೊಸ್‌ನಂಥ ಕಡೆ ದೋಣಿ ಇಳಿಸಲಾಗದೆ ಹಡಗುಗಳು ಬಂದರನ್ನೇ ಕೈಬಿಟ್ಟು ಮುಂದೆ ಸಾಗುವುದುಂಟು. ಕಾರ್ಫು ಇರುವ ಅಯೋನಿಯನ್ ಸಮುದ್ರದಲ್ಲಿ ಇದರ ಉಪಟಳ ಕಡಿಮೆ. ಒಟ್ಟಾರೆ, ಮೇ ತಿಂಗಳು ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗಿನ ಅವಧಿ ಹಿರಿಯರಿಗೆ ಹಿತ. ಮಕ್ಕಳ ಶಾಲಾ ರಜೆಗೆ ಹೊಂದಿಸಲು ಹೋದರೆ ತೂಕ ತಾತ ಅಜ್ಜಿಯರ ಮೇಲೆ ಬೀಳುತ್ತದೆ.

ಮಿತಿ, ಶುಲ್ಕ, ಭೂಕಂಪ

ಸುಮಾರು 15 ಸಾವಿರ ನಿವಾಸಿಗಳ ಸ್ಯಾಂಟೊರಿನಿಗೆ 2024ರ ಬೇಸಿಗೆಯ ಕೆಲವು ದಿನ ಹಡಗುಗಳಿಂದಲೇ ಹತ್ತು ಸಾವಿರಕ್ಕೂ ಹೆಚ್ಚು ಜನ ಇಳಿದರು. ಇದರ ಫಲವಾಗಿ 2025ರಿಂದ ದಿನಕ್ಕೆ 8 ಸಾವಿರ ಹಡಗು ಪ್ರಯಾಣಿಕರ ಮಿತಿ ಬಂದಿದೆ. ಅದೇ ವರ್ಷದ ಜುಲೈನಿಂದ ಗ್ರೀಸ್ ಹಡಗು ಪ್ರಯಾಣಿಕರಿಗೆ ಶುಲ್ಕವನ್ನೂ ವಿಧಿಸಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಯಾಂಟೊರಿನಿ, ಮೈಕೊನೊಸ್‌ಗಳಲ್ಲಿ ಇಳಿಯಲು ತಲಾ 20 ಯೂರೋ, ಇತರ ಬಂದರುಗಳಲ್ಲಿ 5 ಯೂರೋ. ಏಪ್ರಿಲ್, ಮೇ ಹಾಗೂ ಅಕ್ಟೋಬರ್‌ನಲ್ಲಿ ಇದು ಕ್ರಮವಾಗಿ 12 ಮತ್ತು 3 ಯೂರೋ. ಮೊತ್ತ ದೊಡ್ಡದಲ್ಲ, ಆದರೆ ಸರ್ಕಾರವೇ ಜನರನ್ನು ಯಾವ ತಿಂಗಳಿನತ್ತ, ಯಾವ ದ್ವೀಪಗಳತ್ತ ತಳ್ಳಬಯಸುತ್ತಿದೆ ಎಂಬುದು ಇದರಲ್ಲಿ ಸ್ಪಷ್ಟ. ಹಿರಿಯರ ಹಿತವೂ ಅದೇ ದಿಕ್ಕಿನಲ್ಲಿದೆ.

2025ರ ಆರಂಭದಲ್ಲಿ ಸ್ಯಾಂಟೊರಿನಿಯ ಸುತ್ತ ಸಾವಿರಾರು ಕಂಪನಗಳು ಸಂಭವಿಸಿದವು. ಫೆಬ್ರುವರಿಯಲ್ಲಿ ಒಂದರ ತೀವ್ರತೆ 5ನ್ನು ಮೀರಿತು. ತುರ್ತು ಪರಿಸ್ಥಿತಿ ಘೋಷಣೆಯಾಗಿ 11 ಸಾವಿರಕ್ಕೂ ಹೆಚ್ಚು ಜನ ದ್ವೀಪ ತೊರೆದರು. ಬೇಸಿಗೆಯ ವೇಳೆಗೆ ಪ್ರವಾಸಿಗರು ಮರಳಿದರಾದರೂ ಒಂದು ಪಾಠ ಉಳಿಯಿತು: ಒಂದೇ ದ್ವೀಪಕ್ಕಾಗಿ ಇಡೀ ಯಾನವನ್ನು ಆರಿಸಬಾರದು. ಬಂದರನ್ನು ಬದಲಿಸುವ, ಬಿಟ್ಟುಬಿಡುವ ಅಧಿಕಾರವನ್ನು ಹಡಗು ಸಂಸ್ಥೆಗಳು ಕರಾರಿನಲ್ಲೇ ತಮ್ಮ ಬಳಿ ಇಟ್ಟುಕೊಂಡಿರುತ್ತವೆ.

ಕಾಗದ ಪತ್ರಗಳ ಕಥೆ

ಭಾರತೀಯ ಪಾಸ್‌ಪೋರ್ಟ್ ಹೊಂದಿದವರಿಗೆ ಗ್ರೀಸ್‌ಗೆ ಷೆಂಗೆನ್ ವೀಸಾ ಬೇಕು. 2024ರ ಜೂನ್‌ನಲ್ಲಿ ಅದರ ಶುಲ್ಕ 90 ಯೂರೋಗೆ ಏರಿತು. ಹಿರಿಯರಿಗೆಂದು ರಿಯಾಯಿತಿ ಇಲ್ಲ. ಹಿಂದಿನ ಐದು ವರ್ಷಗಳೊಳಗೆ ಬೆರಳಚ್ಚು ಕೊಟ್ಟಿರದಿದ್ದರೆ ತಂದೆ ತಾಯಿಯೇ ಖುದ್ದಾಗಿ ವೀಸಾ ಕೇಂದ್ರಕ್ಕೆ ಬರಬೇಕು. ಟರ್ಕಿಯ ಕುಶಾದಸಿ ಪಟ್ಟಿಯಲ್ಲಿದ್ದರೆ ಇನ್ನೊಂದು ತೊಡಕಿದೆ. ಹಡಗು ಷೆಂಗೆನ್ ಗಡಿ ದಾಟಿ ಮರಳಿ ಬರುವುದರಿಂದ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಬಹುದಾದ ವೀಸಾ ಪಡೆಯಬೇಕು, ಟರ್ಕಿಯ ವೀಸಾ ನಿಯಮವನ್ನೂ ಪ್ರತ್ಯೇಕವಾಗಿ ನೋಡಬೇಕು. 2025ರ ಮೇ ನಂತರ ಟರ್ಕಿ ಪ್ರವಾಸವನ್ನೇ ಕೈಬಿಟ್ಟ ಭಾರತೀಯರು ಅನೇಕರು. ಗ್ರೀಕ್ ಯಾನವೆಂದು ಕೊಂಡ ಟಿಕೆಟ್ಟಿನಲ್ಲಿ ಟರ್ಕಿಯ ಬಂದರೂ ಇರಬಹುದೆಂಬುದು ಅಂಥವರ ಗಮನದಲ್ಲಿರಬೇಕು.

ವೀಸಾಕ್ಕೆ ಕನಿಷ್ಠ 30 ಸಾವಿರ ಯೂರೋ ಮೊತ್ತದ ವಿಮೆ ಕಡ್ಡಾಯ. ಆದರೆ ವೀಸಾ ದೊರಕಿಸುವ ವಿಮೆಯೇ ಆಪತ್ತಿಗೆ ಒದಗುತ್ತದೆ ಎಂದೇನಿಲ್ಲ. ಮೊದಲೇ ಇರುವ ಮಧುಮೇಹ, ಹೃದ್ರೋಗಗಳಿಗೆ ರಕ್ಷಣೆ ಇದೆಯೇ, ಹಡಗಿನ ವೈದ್ಯರ ಬಿಲ್ಲು ಸೇರಿದೆಯೇ, ಹೆಲಿಕಾಪ್ಟರಿನಲ್ಲಿ ಸಾಗಿಸುವ ವೆಚ್ಚ ಯಾರದು ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಬೇಕು. ಸಣ್ಣ ದ್ವೀಪಗಳಲ್ಲಿ ಆರೋಗ್ಯ ಕೇಂದ್ರಕ್ಕಿಂತ ಹೆಚ್ಚಿನದು ಇರುವುದಿಲ್ಲ. ಗಂಭೀರ ಸ್ಥಿತಿಯಲ್ಲಿ ರೋಗಿಯನ್ನು ಅಥೆನ್ಸ್‌ಗೋ ಕ್ರೀಟ್‌ಗೋ ಸಾಗಿಸುತ್ತಾರೆ.

ಕೋಣೆ ಆರಿಸುವಾಗಲೂ ಬಾಲ್ಕನಿಗಿಂತ ಸ್ಥಳ ಮುಖ್ಯ. ಹಡಗಿನ ನಡುಭಾಗದ ಕೆಳ ಅಂತಸ್ತಿನಲ್ಲಿ ತೊನೆದಾಟ ಕಡಿಮೆ. ಸ್ನಾನದ ಮನೆಯ ಹೊಸ್ತಿಲು ಎತ್ತರವೇ, ಹಿಡಿಕೆ ಇದೆಯೇ ಎಂದು ಕೇಳಬೇಕು. ತುರ್ತು ಸಂದರ್ಭದಲ್ಲಿ ಲಿಫ್ಟ್ ಬಳಸುವಂತಿಲ್ಲವಾದ್ದರಿಂದ ಎಲ್ಲರೂ ಸೇರಬೇಕಾದ ಸ್ಥಳಕ್ಕೆ ಎಷ್ಟು ಮೆಟ್ಟಿಲು ಎಂಬುದನ್ನು ಮೊದಲ ದಿನವೇ ಎಣಿಸಿಕೊಳ್ಳುವುದು ವಿವೇಕ. 2007ರ ಏಪ್ರಿಲ್‌ನಲ್ಲಿ ‘ಸೀ ಡೈಮಂಡ್’ ಹಡಗು ಸ್ಯಾಂಟೊರಿನಿಯ ಕೊಲ್ಲಿಯಲ್ಲೇ ಬಂಡೆಗೆ ತಾಗಿ ಮುಳುಗಿದಾಗ ಸಾವಿರದೈನೂರಕ್ಕೂ ಹೆಚ್ಚು ಮಂದಿಯನ್ನು ಖಾಲಿ ಮಾಡಿಸಬೇಕಾಯಿತು. ಅಂಥದು ಅಪರೂಪ, ಆದರೆ ಮೆಟ್ಟಿಲು ಎಣಿಸಲು ಖರ್ಚೇನೂ ಇಲ್ಲ.

ತೀರ್ಮಾನ ಯಾರದು?

ಇಷ್ಟೆಲ್ಲ ಲೆಕ್ಕ ಹಾಕುವ ಮಕ್ಕಳು ಸಾಮಾನ್ಯವಾಗಿ ಮರೆಯುವುದು ಒಂದನ್ನು: ಕರೆದೊಯ್ಯಬೇಕಾದವರನ್ನೇ ಕೇಳುವುದನ್ನು. ‘ಅಮ್ಮನಿಗೆ ಆಗುವುದಿಲ್ಲ’ ಎಂದು ಮಕ್ಕಳೇ ತೀರ್ಮಾನಿಸುವುದು ಒಂದು ತಪ್ಪಾದರೆ, ‘ಎಲ್ಲ ಆಗುತ್ತದೆ ಬಾ’ ಎಂದು ಹೊರಡಿಸುವುದು ಇನ್ನೊಂದು. ಮಗನ ಖರ್ಚು ವ್ಯರ್ಥವಾಗಬಾರದೆಂದು ನೋವು ನುಂಗಿ ನಡೆಯುವ ತಂದೆ, ಮಗಳ ಉತ್ಸಾಹ ಕುಗ್ಗಬಾರದೆಂದು ದಣಿವು ಮುಚ್ಚಿಡುವ ತಾಯಿ ನಮ್ಮ ಮನೆಗಳಲ್ಲಿ ಅಪರೂಪವಲ್ಲ.

ಆದ್ದರಿಂದ ಹಿರಿಯರ ಮುಂದೆ ಇಡಬೇಕಾದುದು ನೀಲಿ ಗುಮ್ಮಟದ ಚಿತ್ರವನ್ನಷ್ಟೇ ಅಲ್ಲ, ದೋಣಿಯ, ಮೆಟ್ಟಿಲಿನ, ಸರದಿ ಸಾಲಿನ ಚಿತ್ರವನ್ನೂ. ಅದನ್ನು ನೋಡಿದ ಮೇಲೂ ಅವರು ಸ್ಯಾಂಟೊರಿನಿಯೇ ಬೇಕೆಂದರೆ, ಆ ಒಂದು ದಿನಕ್ಕಾಗಿ ಉಳಿದ ದಿನಗಳನ್ನು ಹಗುರ ಮಾಡಿ ಹೊರಡುವುದೇ ಸರಿ. ರೋಡ್ಸ್‌ನ ಕೋಟೆ ನೆರಳು ಸಾಕೆಂದರೆ ಅದೂ ಸರಿ. ಹಡಗಿನ ಮೇಲ್ಮಹಡಿಯಲ್ಲಿ ಕೂತು ಆ ಜ್ವಾಲಾಮುಖಿ ಕೊಲ್ಲಿಯನ್ನು ಸಂಜೆ ಬೆಳಕಿನಲ್ಲಿ ನೋಡುವುದೂ ಒಂದು ದರ್ಶನವೇ. ‘ನಾನು ಇಲ್ಲೇ ಕೂತಿರ್ತೀನಿ’ ಎಂಬ ಮಾತು ದಣಿವಿನಿಂದ ಬಂದರೆ ಅದು ಸೋಲು, ಮೊದಲೇ ಯೋಚಿಸಿ ಆರಿಸಿಕೊಂಡು ಬಂದರೆ ವಿಶ್ರಾಂತಿ. ಆ ಸಂಜೆ ಮಗನೋ ಮಗಳೋ ಪಕ್ಕದಲ್ಲೇ ಕೂತಿದ್ದರೆ ಪ್ರವಾಸದ ಉದ್ದೇಶ ಈಡೇರಿದಂತೆಯೇ.