ಹೊಲಿಗೆ ಬಿಚ್ಚುವ ಹೊಗೆ

120 ಕಿಲೋ ತೂಗುತ್ತಿದ್ದ ಒಬ್ಬಾತ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಪಥ್ಯ ಮಾಡಿ, ಒಂದೂವರೆ ವರ್ಷದಲ್ಲಿ 75 ಕಿಲೋಗೆ ಇಳಿದನೆನ್ನಿ. ಮಂಡಿನೋವು ಹೋಯಿತು, ರಕ್ತದ ಸಕ್ಕರೆ ಹತೋಟಿಗೆ ಬಂತು. ಆದರೂ ಕನ್ನಡಿಯ ಮುಂದೆ ನಿಂತಾಗ ಅವನಿಗೆ ನೆಮ್ಮದಿಯಿಲ್ಲ. ಒಳಗಿನ ಕೊಬ್ಬು ಕರಗಿದರೂ ಅದನ್ನು ಹೊದ್ದಿದ್ದ ಚರ್ಮ ಹಿಂದಕ್ಕೆ ಸರಿದಿಲ್ಲ. ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಹೊಟ್ಟೆಯ ಮೇಲೆ, ತೋಳಿನಡಿ, ತೊಡೆಯಲ್ಲಿ ಅದು ಮಡಿಕೆ ಮಡಿಕೆಯಾಗಿ ಜೋತುಬಿದ್ದಿದೆ. ಮಡಿಕೆಗಳ ನಡುವೆ ಬೆವರು, ಕೆರೆತ, ಹುಣ್ಣು.

ಹೀಗೆ ಉಳಿದ ಚರ್ಮವನ್ನು ಕತ್ತರಿಸಿ ಮೈಯನ್ನು ತಿದ್ದುವ ಶಸ್ತ್ರಚಿಕಿತ್ಸೆಯನ್ನು ಪ್ಲಾಸ್ಟಿಕ್ ಸರ್ಜನ್ನರು ಮಾಡುತ್ತಾರೆ. ಅದಕ್ಕೆ ಮೊದಲು ಅವರು ಕೇಳುವ ಮುಖ್ಯ ಪ್ರಶ್ನೆಗಳಲ್ಲಿ ಒಂದು: "ಸಿಗರೇಟು ಸೇದುತ್ತೀರಾ?" ಹೊಟ್ಟೆಯ ಚರ್ಮಕ್ಕೂ ಶ್ವಾಸಕೋಶದ ಹೊಗೆಗೂ ಏನು ಸಂಬಂಧ?

ಗಾಯಕ್ಕೂ ಉಸಿರು ಬೇಕು

ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕತ್ತರಿ ಆಡುತ್ತದೆ. ಚರ್ಮವನ್ನು ಕೊಬ್ಬಿನ ಸಮೇತ ಸ್ನಾಯುಗಳಿಂದ ಬಿಡಿಸಿ, ಕೆಳಕ್ಕೆ ಎಳೆದು, ಹೆಚ್ಚಾದುದನ್ನು ತೆಗೆದು ಹೊಲಿಯುತ್ತಾರೆ. ಹಾಗೆ ಬಿಡಿಸುವಾಗ ಕೆಳಗಿನಿಂದ ಚರ್ಮಕ್ಕೆ ರಕ್ತ ಒಯ್ಯುವ ಅನೇಕ ಸಣ್ಣ ನಾಳಗಳು ತುಂಡಾಗುತ್ತವೆ. ಉಳಿದ ಕೆಲವೇ ನಾಳಗಳ ರಕ್ತದಿಂದ ಇಷ್ಟುದ್ದದ ಗಾಯ ಕೂಡಬೇಕು. ಬೇಗ ತೂಕ ಇಳಿದವರಲ್ಲಿ ಪ್ರೋಟೀನು, ಕಬ್ಬಿಣ, ಜೀವಸತ್ವಗಳ ಕೊರತೆಯೂ ಇರುವುದುಂಟು.

ಈ ಬಡತನದ ಮೇಲೆ ಹೊಗೆ ಬರೆ ಎಳೆಯುತ್ತದೆ. ನಿಕೊಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳನ್ನೆಲ್ಲ ಟಿಕೆಟ್ಟಿಲ್ಲದವರು ಹಿಡಿದು ಕುಳಿತಂತೆ. ಆಮ್ಲಜನಕಕ್ಕೆ ಜಾಗವೇ ಇಲ್ಲ.

ಆಮ್ಲಜನಕ ಸಿಗದಿದ್ದರೆ ಎರಡು ಕೆಲಸ ಕೆಡುತ್ತವೆ. ಗಾಯಕ್ಕೆ ನುಗ್ಗಿದ ಬ್ಯಾಕ್ಟೀರಿಯಗಳನ್ನು ಬಿಳಿ ರಕ್ತಕಣಗಳು ನುಂಗಿ ಸುಡುವುದು ಆಮ್ಲಜನಕದಿಂದ ತಯಾರಿಸಿದ ರಾಸಾಯನಿಕಗಳಿಂದಲೇ. ಮದ್ದುಗುಂಡಿಲ್ಲದ ಸಿಪಾಯಿಯಂತೆ ಅವು ಕೈಕಟ್ಟಿ ನಿಲ್ಲುತ್ತವೆ. ಗಾಯದ ಎರಡು ಅಂಚುಗಳನ್ನು ಹೆಣೆಯುವ ಕೊಲ್ಯಾಜೆನ್ ಎಂಬ ನಾರು ಗಟ್ಟಿಯಾಗುವುದಕ್ಕೂ ಆಮ್ಲಜನಕ ಬೇಕು. ಅದಿಲ್ಲದೆ ಕೀವು ತುಂಬುತ್ತದೆ, ಹೊಲಿಗೆ ಬಿಚ್ಚುತ್ತದೆ, ಕೆಲವೊಮ್ಮೆ ಅಂಚಿನ ಚರ್ಮ ಕಪ್ಪಾಗಿ ಸಾಯುತ್ತದೆ.

ಪರೀಕ್ಷೆಗೆ ಇಳಿದವರು

ಇದು ಬರೀ ಊಹೆಯಲ್ಲ. 1984ರಲ್ಲಿ ನ್ಯೂಯಾರ್ಕಿನ ಸರ್ಜನ್ನರು ಮುಖದ ಸುಕ್ಕು ತೆಗೆಸಿಕೊಂಡವರನ್ನು ಪರಿಶೀಲಿಸಿದಾಗ, ಚರ್ಮ ಸತ್ತು ಕಳಚುವ ಸಂಭವ ಧೂಮಪಾನಿಗಳಲ್ಲಿ 12 ಪಟ್ಟು ಹೆಚ್ಚೆಂದು ಕಂಡುಬಂತು.

ಸೋಂಕಿನ ವಿಷಯವನ್ನು ನೇರವಾಗಿ ಪರೀಕ್ಷಿಸಿದ್ದು ಡೆನ್ಮಾರ್ಕಿನ ಸರ್ಜನ್ ಲಾರ್ಸ್ ಸೋರೆನ್ಸೆನ್ ಮತ್ತು ಸಂಗಡಿಗರು. 2003ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ 48 ಧೂಮಪಾನಿಗಳೂ ಎಂದೂ ಸೇದದ 30 ಜನರೂ ಸ್ವಂತ ಇಚ್ಛೆಯಿಂದ ಮೈಯೊಡ್ಡಿದರು. ಎಲ್ಲರೂ ಆರೋಗ್ಯವಂತರೇ. ಅವರ ಸೊಂಟದ ಹಿಂಭಾಗದಲ್ಲಿ ಚಿಕ್ಕ ಗಾಯಗಳನ್ನು ಮಾಡಿ ಹೊಲಿದು ಕಾದು ನೋಡಿದರು. ಸೇದದವರ ಗಾಯಗಳಲ್ಲಿ ಶೇ. 2ಕ್ಕೆ ಸೋಂಕು ತಗುಲಿದರೆ, ಸೇದುವವರ ಗಾಯಗಳಲ್ಲಿ ಶೇ. 12ಕ್ಕೆ! ಆದರೆ ಧೂಮಪಾನಿಗಳಲ್ಲೇ ಕೆಲವರು ಸಿಗರೇಟು ಬಿಟ್ಟು ನಾಲ್ಕು ವಾರ ಕಳೆದ ಮೇಲೆ ಮಾಡಿದ ಗಾಯಗಳಲ್ಲಿ, ಸೇದುತ್ತಲೇ ಇದ್ದವರಿಗಿಂತ ಸೋಂಕು ಸ್ಪಷ್ಟವಾಗಿ ಕಡಿಮೆಯಿತ್ತು. ಬಿಟ್ಟವರಲ್ಲಿ ಕೆಲವರು ನಿಕೊಟಿನ್ ಪಟ್ಟಿ ಅಂಟಿಸಿಕೊಂಡಿದ್ದರೂ ಈ ಲಾಭ ಕೆಡಲಿಲ್ಲ.

ಅದಕ್ಕೂ ಒಂದು ವರ್ಷ ಮುಂಚೆ, 2002ರಲ್ಲಿ, ಡೆನ್ಮಾರ್ಕಿನಲ್ಲೇ ಸೊಂಟ ಮತ್ತು ಮಂಡಿಯ ಕೀಲು ಬದಲಿಸಿಕೊಳ್ಳಲಿದ್ದ 120 ಧೂಮಪಾನಿಗಳ ಮೇಲೆ ಇನ್ನೊಂದು ಅಧ್ಯಯನ ನಡೆದಿತ್ತು. ಆರರಿಂದ ಎಂಟು ವಾರ ಮೊದಲೇ ಸಿಗರೇಟು ಬಿಡಲು ನೆರವು ಪಡೆದ ಗುಂಪಿನಲ್ಲಿ ಗಾಯದ ತೊಂದರೆ ಶೇ. 5 ಮಂದಿಗೆ; ನೆರವಿಲ್ಲದ ಗುಂಪಿನಲ್ಲಿ ಶೇ. 31 ಮಂದಿಗೆ. ತೂಕ ಇಳಿದ ಮೇಲೆ ಹೊಟ್ಟೆಯ ಚರ್ಮ ತೆಗೆಸಿಕೊಂಡವರಲ್ಲೂ ಧೂಮಪಾನಿಗಳಿಗೇ ಸೋಂಕು ಹೆಚ್ಚೆಂದು 2007ರಲ್ಲಿ ಇಟಲಿಯ ವೈದ್ಯರು ವರದಿ ಮಾಡಿದರು.

ಹಿಂದಿನ ದಿನ ಬಿಟ್ಟರೆ ಸಾಲದು

"ಆಪರೇಷನ್ನಿನ ಹಿಂದಿನ ರಾತ್ರಿಯಿಂದ ಮುಟ್ಟುವುದಿಲ್ಲ" ಎನ್ನುವವರಿದ್ದಾರೆ. ರಕ್ತದ ಕಾರ್ಬನ್ ಮೊನಾಕ್ಸೈಡ್ ಒಂದೆರಡು ದಿನಗಳಲ್ಲಿ ಇಳಿಯುವುದು ನಿಜ. ಆದರೆ ಬಿಳಿ ರಕ್ತಕಣಗಳ ಕಸುವು ಮರಳಲು ವಾರಗಳೇ ಬೇಕು. ಆದ್ದರಿಂದ ಸರ್ಜನ್ನರು ಸಾಮಾನ್ಯವಾಗಿ ಮೊದಲು ನಾಲ್ಕು ವಾರ, ಅನಂತರವೂ ನಾಲ್ಕು ವಾರ ಕಟ್ಟುನಿಟ್ಟಾಗಿ ಬಿಡಿಸುತ್ತಾರೆ. ಬೀಡಿಗೂ ಇದೇ ಮಾತು. ಜೀವ ಉಳಿಸುವ ತುರ್ತು ಚಿಕಿತ್ಸೆಗೆ ಹೀಗೆ ಕಾಯಲಾಗದು. ಮೈ ತಿದ್ದುವ ಚಿಕಿತ್ಸೆ ಕಾಯಬಲ್ಲದು.

ಕೆಲವರು ವೈದ್ಯರ ಮುಂದೆ ಸುಳ್ಳು ಹೇಳುತ್ತಾರೆ. ನಿಕೊಟಿನ್ ದೇಹದಲ್ಲಿ ಒಡೆದಾಗ ಹುಟ್ಟುವ ಕೊಟಿನಿನ್ ಮೂತ್ರಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದಿದ್ದರೂ ಗೆದ್ದಂತಲ್ಲ, ಆ ಸುಳ್ಳಿನ ಬೆಲೆ ತೆರುವುದು ವೈದ್ಯರಲ್ಲ, ಗಾಯ. ಮನೆಯಲ್ಲಿ ಹಿರಿಯರೊಬ್ಬರು ಶಸ್ತ್ರಚಿಕಿತ್ಸೆಗೆ ಹೊರಟಿದ್ದರೆ, ಅವರು ಕದ್ದು ಸೇದುವ ಸಂಗತಿ ಮಕ್ಕಳಿಗೆ ತಿಳಿದೇ ಇರುತ್ತದೆ. ಆಗ ಮಕ್ಕಳು ಸುಮ್ಮನಿರುವುದು ಮರ್ಯಾದೆಯಲ್ಲ. ಗದರುವುದೂ ಬೇಡ, ದಿನಾಂಕ ಗೊತ್ತಾದೊಡನೆ ಕ್ಯಾಲೆಂಡರಿನಲ್ಲಿ ನಾಲ್ಕು ವಾರ ಹಿಂದಕ್ಕೆ ಎಣಿಸಿ ಒಂದು ಗುರುತು ಹಾಕಿದರೆ ಸಾಕು. ಒಂಟಿಯಾಗಿ ಬಿಡಲು ಕಷ್ಟವಾದರೆ ವೈದ್ಯರ ನೆರವು ಕೇಳುವುದರಲ್ಲಿ ನಾಚಿಕೆಯಿಲ್ಲ.

ಚರ್ಮವನ್ನು ಹೊಲಿಯುವುದು ಸರ್ಜನ್ನರ ಕೆಲಸ. ಅದನ್ನು ಕೂಡಿಸುವುದು ದೇಹದ ಕೆಲಸ. ವರ್ಷಗಟ್ಟಲೆ ಬಾಯಿ ಕಟ್ಟಿ ತೂಕ ಇಳಿಸಿಕೊಂಡವರು, ಇನ್ನೆರಡು ತಿಂಗಳು ಹೊಗೆಗೂ ಬಾಯಿ ಕಟ್ಟಿದರೆ ದೇಹ ಆ ಕೆಲಸವನ್ನು ನೆಮ್ಮದಿಯಾಗಿ ಮಾಡಿಕೊಳ್ಳುತ್ತದೆ.